ಎಳೆ ಎಷ್ಟು, ಉದ್ದ ಎಷ್ಟು? ನರ ಕಸಿಯ ಕೋಡಿಂಗ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಅಮೆರಿಕದ ವೈದ್ಯಕೀಯ ಬಿಲ್ಲಿಂಗಿಗೆ, ಅದರಲ್ಲೂ ತುಂಡಾದ ನರದ ತೆರವನ್ನು ಬೇರೆ ನರದ ತುಂಡಿನಿಂದ ತುಂಬುವ ನರ ಕಸಿಯ ಶಸ್ತ್ರಕ್ರಿಯೆಗೆ ಸಂಬಂಧಿಸಿದವು. ಬರೆದವರಲ್ಲಿ ಹೆಚ್ಚಿನವರು ಅಲ್ಲಿನ ಕ್ಲೇಮ್‌ಗಳಿಗೆ ಕೋಡಿಂಗ್ ಮಾಡುವವರು, ಅಂದರೆ ವಿಮೆಯಿಂದ ಹಣ ಕೇಳುವ ಅರ್ಜಿಯಲ್ಲಿ ರೋಗವನ್ನೂ ಚಿಕಿತ್ಸೆಯನ್ನೂ ನಿಗದಿತ ಕೋಡ್‌ಗಳಲ್ಲಿ ಬರೆಯುವವರು. ಒಬ್ಬರು ಮಾತ್ರ ತಮ್ಮನ ಬಿಲ್ಲು ನೋಡಿ ಗಾಬರಿಗೊಂಡ ಅಕ್ಕ.

ಪ್ರಶ್ನೆ: ನಾನು ಕೋಡಿಂಗ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಅಂಗೈಯಲ್ಲಿ ತುಂಡಾಗಿದ್ದ ನರಕ್ಕೆ ರೋಗಿಯ ಕಾಲಿನಿಂದ ಸೂರಲ್ ನರವನ್ನು ತೆಗೆದು ಒಂದೇ ಎಳೆಯಾಗಿ ಕಸಿ ಮಾಡಿದ್ದರು. ಉದ್ದ 2.5 ಸೆಂ.ಮೀ. ನಾನು 64892 ಹಾಕಿ, ಕಾಲಿನಿಂದ ನರ ತೆಗೆದ ಕೆಲಸಕ್ಕೆಂದು 64999 ಅನ್ನು (ತನ್ನದೇ ಕೋಡ್ ಇಲ್ಲದ ನರ ಶಸ್ತ್ರಕ್ರಿಯೆಗೆ ಹಾಕುವುದು) ಬೇರೆಯಾಗಿ ಸೇರಿಸಿದೆ. ಆಡಿಟ್‌ನಲ್ಲಿ ಎರಡೂ ತಪ್ಪೆಂದು ಬಂತು. ಕಾಲಿಗೂ ಗಾಯ ಮಾಡಿ ಹೊಲಿಗೆ ಹಾಕಿರುವಾಗ ಅದಕ್ಕೆ ಹಣ ಕೇಳುವುದು ತಪ್ಪು ಹೇಗಾಗುತ್ತದೆ?

ಉತ್ತರ: ಆಡಿಟರ್ ಹೇಳಿದ್ದು ಸರಿ, ನಿಮ್ಮ ಅನುಮಾನವೂ ಸಹಜವಾದದ್ದೇ. ರೋಗಿಯ ಸ್ವಂತ ನರವನ್ನು ಬಳಸಿದ ಕಸಿಗೆ, ಶಸ್ತ್ರಕ್ರಿಯೆ ಮುಂತಾದ ವೈದ್ಯರ ಕೆಲಸಗಳ ಕೋಡ್‌ಪಟ್ಟಿಯಾದ ಸಿಪಿಟಿಯಲ್ಲಿ 64885ರಿಂದ 64898ರವರೆಗಿನ ಕೋಡ್‌ಗಳಿವೆ. ಅವುಗಳ ವಿವರಣೆಯಲ್ಲಿಯೇ ಕಸಿಯ ನರವನ್ನು ಪಡೆಯುವ ಕೆಲಸವೂ ಸೇರಿದೆ ಎಂಬ ಮಾತಿರುವುದರಿಂದ, ಕಾಲಿನ ಗಾಯ, ಅಲ್ಲಿ ನರವನ್ನು ಬಿಡಿಸಿದ್ದು, ಮತ್ತೆ ಹೊಲಿದದ್ದು ಎಲ್ಲದರ ಬೆಲೆಯೂ ಆ ಒಂದು ಕೋಡಿನೊಳಗೇ ಅಡಗಿದೆ. ಅದರ ಪಕ್ಕದಲ್ಲಿ 64999 ಹಾಕಿದರೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಕೇಳಿದಂತಾಗುತ್ತದೆ.

ಇನ್ನು 64892. ಅದು ತೋಳು ಅಥವಾ ಕಾಲಿನಲ್ಲಿ ಒಂದೇ ಎಳೆಯ ಕಸಿ ಮಾಡಿದಾಗ ಹಾಕುವ ಕೋಡ್. ಕಾಲಿನಿಂದ ನರ ತಂದಿದ್ದಾರೆ ಎಂಬ ಕಾರಣಕ್ಕೆ ನಿಮ್ಮ ಕಣ್ಣು ಆ ಸಾಲಿನ ಮೇಲೆ ಬಿದ್ದಿದೆ. ಹೊಸಬರಲ್ಲಿ ಹತ್ತು ಮಂದಿಗೆ ಎಂಟು ಮಂದಿ ಮುಗ್ಗರಿಸುವುದು ಇಲ್ಲಿಯೇ ಎಂದು ನನ್ನ ಅಂದಾಜು. ನರ ಎಲ್ಲಿಂದ ಬಂತು ಎಂಬುದನ್ನು ಕೋಡ್ ಕೇಳುವುದಿಲ್ಲ, ಎಲ್ಲಿ ಕೂತಿತು ಎಂಬುದನ್ನು ಕೇಳುತ್ತದೆ. ಅದು ಅಂಗೈಯಲ್ಲಿ ಕೂತಿರುವುದರಿಂದ, ಒಂದೇ ಎಳೆಯಾಗಿರುವುದರಿಂದ ಮತ್ತು 4 ಸೆಂ.ಮೀ. ಒಳಗಿರುವುದರಿಂದ ನಿಮ್ಮ ಪ್ರಕರಣಕ್ಕೆ 64890 ಸಲ್ಲುತ್ತದೆ.

ಈ ಕೋಡ್‌ಗಳ ಜೋಡಣೆ ಒಮ್ಮೆ ಮನಸ್ಸಿಗೆ ಬಂದರೆ ಪುಸ್ತಕ ತಿರುವಿಹಾಕುವ ಕೆಲಸ ಅರ್ಧ ತಪ್ಪುತ್ತದೆ. ತಲೆ ಮತ್ತು ಕುತ್ತಿಗೆಗೆ 64885, 64886. ಅಲ್ಲಿ ಎಳೆಗಳ ಲೆಕ್ಕವಿಲ್ಲ, ಉದ್ದ 4 ಸೆಂ.ಮೀ. ದಾಟಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಕೈ ಅಥವಾ ಪಾದದಲ್ಲಿ ಒಂದೇ ಎಳೆಯಾದರೆ 64890, 64891. ತೋಳು ಅಥವಾ ಕಾಲಿನಲ್ಲಿ ಒಂದೇ ಎಳೆಯಾದರೆ 64892, 64893. ಹಲವು ಎಳೆಗಳನ್ನು ಒಟ್ಟಿಗಿಟ್ಟು ಕೇಬಲ್ ಮಾಡಿದರೆ ಕೈ-ಪಾದಕ್ಕೆ 64895, 64896 ಮತ್ತು ತೋಳು-ಕಾಲಿಗೆ 64897, 64898. ಪ್ರತಿ ಜೋಡಿಯಲ್ಲೂ ಮೊದಲನೆಯದು 4 ಸೆಂ.ಮೀ.ವರೆಗೆ, ಎರಡನೆಯದು ಅದಕ್ಕಿಂತ ಹೆಚ್ಚಿನ ಉದ್ದಕ್ಕೆ.

ನಾವು ಆಪ್ ನೋಟ್ ಎನ್ನುವ ಶಸ್ತ್ರಕ್ರಿಯಾ ವರದಿಯ ಒಂದು ತುಣುಕನ್ನು ಇಟ್ಟುಕೊಂಡು ನೋಡೋಣ. ಇದು ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದು. ‘ಬಲ ಮುಂದೋಳಿನಲ್ಲಿ ಅಲ್ನಾರ್ ನರದ ಎರಡೂ ತುದಿಗಳನ್ನು ಆರೋಗ್ಯವಂತ ನಾರುಗಳು ಕಾಣುವವರೆಗೆ ಕತ್ತರಿಸಲಾಯಿತು. ನಡುವೆ 3.2 ಸೆಂ.ಮೀ. ತೆರವು ಉಳಿಯಿತು. ಎಡಗಾಲಿನಿಂದ 12 ಸೆಂ.ಮೀ. ಸೂರಲ್ ನರ ತೆಗೆದು, 3.6 ಸೆಂ.ಮೀ.ಯ ಮೂರು ಎಳೆಗಳಾಗಿ ಮಾಡಿ, ಮೈಕ್ರೋಸ್ಕೋಪಿನಡಿ ಎಳೆತವಿಲ್ಲದಂತೆ ಜೋಡಿಸಲಾಯಿತು.’ ಇಲ್ಲಿ ಮೂರು ಅಳತೆಗಳು ಎದುರಿಗಿವೆ. 12 ಸೆಂ.ಮೀ. ನೋಡಿದವರು 64898 ಎನ್ನುತ್ತಾರೆ. ಮೂರು ಎಳೆಗಳನ್ನು ಕೂಡಿಸಿ 10.8 ಎಂದವರೂ ಅಲ್ಲಿಗೇ ಹೋಗಿ ಸೇರುತ್ತಾರೆ. ಆದರೆ ಎಳೆಗಳು ಅಕ್ಕಪಕ್ಕದಲ್ಲಿ ಮಲಗಿವೆಯೇ ಹೊರತು ಒಂದರ ತುದಿಗೆ ಇನ್ನೊಂದು ಸೇರಿಲ್ಲ. ಅವು ಮೂರಿವೆ ಎಂಬ ಸಂಗತಿಗೆ ಕೇಬಲ್ ಎಂಬ ಪದವೇ ಲೆಕ್ಕ ಕೊಟ್ಟಿದೆ. ಹಾಗಾಗಿ ಕಸಿಯ ಉದ್ದ 3.6 ಸೆಂ.ಮೀ., ಕೋಡ್ 64897. ತುದಿಗಳನ್ನು ಕತ್ತರಿಸಿ ಹದಗೊಳಿಸಿದ್ದು ಕಸಿಯ ಪೂರ್ವಸಿದ್ಧತೆಯೇ ಆದ್ದರಿಂದ ಅದಕ್ಕೆ ಬೇರೆ ಕೋಡ್ ಹುಡುಕಬೇಡಿ.

ತೆರವು 3.8 ಇದ್ದು ಕಸಿ 4.2 ಇದ್ದರೆ ಏನು ಮಾಡಬೇಕೆಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ವಿವರಣೆ ಮಾತಾಡುವುದು ಕಸಿಯ ಉದ್ದದ ಬಗ್ಗೆ. ನಾನು ಕಸಿಯ ಅಳತೆಯನ್ನೇ ಹಿಡಿಯುತ್ತೇನೆ. ವರದಿಯಲ್ಲಿ ತೆರವಿನ ಅಳತೆ ಮಾತ್ರ ಇದ್ದು ಅದು 4ರ ಅಂಚಿನಲ್ಲಿದ್ದರೆ, ಊಹಿಸದೆ ಸರ್ಜನ್‌ಗೆ ಕ್ವೆರಿ ಕಳುಹಿಸಿ. ಗಾಯ ಮಣಿಕಟ್ಟಿನಲ್ಲಿದ್ದಾಗಲೂ ಅಷ್ಟೇ: ರೋಗನಿರ್ಣಯದ ಕೋಡ್‌ಗಳಲ್ಲಿ ಮಣಿಕಟ್ಟು ಮತ್ತು ಕೈ ಒಂದೇ ಗುಂಪಿನಲ್ಲಿವೆ, ಆದರೆ ಈ ಸಿಪಿಟಿ ಸಾಲುಗಳಲ್ಲಿ ಮಣಿಕಟ್ಟಿನ ಹೆಸರೇ ಇಲ್ಲ. ಕಸಿಯು ಅಂಗೈಯತ್ತ ಇಳಿದಿದೆಯೇ, ಮುಂದೋಳಿನತ್ತ ಏರಿದೆಯೇ ಎಂದು ಬರೆಸಿಕೊಂಡ ಮೇಲೆಯೇ ಕೋಡ್ ಹಾಕುವುದು ಕ್ಷೇಮ.

ಪ್ರಶ್ನೆ: ಕೈಯ ನರವೊಂದಕ್ಕೆ ಮೃತ ದಾನಿಯಿಂದ ಪಡೆದು ಸಂಸ್ಕರಿಸಿದ ನರವನ್ನು ಎರಡು ಎಳೆಗಳಾಗಿ ಜೋಡಿಸಿದ್ದರು. ಮೈಕ್ರೋಸ್ಕೋಪ್ ಬಳಸಿದ್ದರು. ನಾವು 64895 ಮತ್ತು 69990 ಕಳುಹಿಸಿದೆವು. ಕ್ಲೇಮ್ ಡಿನೈ ಆಗಿದೆ. ಮೈಕ್ರೋಸ್ಕೋಪ್ ಸಾಲನ್ನು ಬಿಟ್ಟು ಮತ್ತೆ ಕಳುಹಿಸಿದರೆ ಸಾಕೇ?

ಉತ್ತರ: ಸಾಲದು, ಮೊದಲ ಸಾಲೂ ಬದಲಾಗಬೇಕು. 64895ರ ಬೆಲೆಯಲ್ಲಿ ರೋಗಿಯ ದೇಹದಿಂದಲೇ ನರ ತೆಗೆಯುವ ಶ್ರಮ ಸೇರಿದೆ. ಇಲ್ಲಿ ಆ ಶ್ರಮವೇ ನಡೆದಿಲ್ಲ, ನರ ಪೊಟ್ಟಣದಲ್ಲಿ ಬಂದಿದೆ. ದಾನಿಯ ನರಕ್ಕೆಂದೇ 2018ರಲ್ಲಿ 64912 ಮತ್ತು 64913 ಎಂಬ ಎರಡು ಕೋಡ್‌ಗಳನ್ನು ಸಿಪಿಟಿಗೆ ಸೇರಿಸಿದರು. ಒಂದು ನರದ ಮೊದಲ ಎಳೆಗೆ 64912, ಅದೇ ಕೆಲಸದಲ್ಲಿ ಹೆಚ್ಚುವರಿಯಾಗಿ ಇಟ್ಟ ಪ್ರತಿ ಎಳೆಗೆ ಆಡ್-ಆನ್ ಆಗಿ, ಅಂದರೆ ಮುಖ್ಯ ಕೋಡಿನ ಜೊತೆಗೆ ಮಾತ್ರ ಹಾಕುವ ಕೋಡಾಗಿ, 64913. ನಿಮ್ಮ ಪ್ರಕರಣಕ್ಕೆ ಒಂದೊಂದು ಬಾರಿ ಎರಡೂ ಬರುತ್ತವೆ. ಗಮನಿಸಬೇಕಾದ ವಿಚಿತ್ರವೆಂದರೆ ಇಲ್ಲಿ ಲೆಕ್ಕದ ದಿಕ್ಕೇ ತಿರುಗಿದೆ: ಸ್ವಂತ ನರದ ಕಸಿಯಲ್ಲಿ ಉದ್ದವೂ ಜಾಗವೂ ಕೋಡನ್ನು ನಿರ್ಧರಿಸಿ ಎಳೆಗಳ ಸಂಖ್ಯೆ ಒಂದೋ ಹಲವೋ ಎಂಬಷ್ಟಕ್ಕೆ ನಿಂತರೆ, ದಾನಿಯ ನರದಲ್ಲಿ ಉದ್ದವನ್ನೂ ಜಾಗವನ್ನೂ ಯಾರೂ ಕೇಳುವುದಿಲ್ಲ, ಎಳೆಗಳನ್ನು ಒಂದೊಂದಾಗಿ ಎಣಿಸಬೇಕು.

ಮೈಕ್ರೋಸ್ಕೋಪಿನ ವಿಷಯ. 69990ರ ಜೊತೆ ಹಾಕಬಾರದ ಕೋಡ್‌ಗಳ ಪಟ್ಟಿಯನ್ನು ಸಿಪಿಟಿಯೇ ಕೊಟ್ಟಿದೆ. 64912, 64913 ಎರಡೂ ಅದರಲ್ಲಿವೆ, ಏಕೆಂದರೆ ಅವುಗಳಲ್ಲಿ ಮೈಕ್ರೋಸ್ಕೋಪಿನ ಕೆಲಸ ಸೇರಿಕೊಂಡಿದೆ. ನರದ ಒಳನಾರುಗಳನ್ನು ಮೈಕ್ರೋಸ್ಕೋಪಿನಲ್ಲಿ ಬಿಡಿಸುವ 64727 ಕೂಡ ಅದೇ ಪಟ್ಟಿಯಲ್ಲಿದೆ. ಸ್ವಂತ ನರದ ಕಸಿಯ ಸಂಗತಿ ಬೇರೆ. ಅಲ್ಲಿ 69990 ಹಾಕಬಹುದು, ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೂಡ ತಾನು ಪ್ರತ್ಯೇಕವಾಗಿ ಹಣ ಕೊಡುವ ಕೆಲವೇ ಕೋಡ್‌ಗಳ ಪಟ್ಟಿಯಲ್ಲಿ ನರ ಕಸಿಗೆ ಜಾಗ ಕೊಟ್ಟಿದೆ. ಆದರೆ ಸರ್ಜನ್ ಕಣ್ಣಿಗೆ ಕಟ್ಟಿಕೊಳ್ಳುವ ಲೂಪ್‌ಗಳು ಮೈಕ್ರೋಸ್ಕೋಪ್ ಅಲ್ಲ. ವರದಿಯಲ್ಲಿ ‘ವರ್ಧಕದ ಸಹಾಯದಿಂದ’ ಎಂದಷ್ಟೇ ಇದ್ದರೆ ಅದು ಯಾವ ವರ್ಧಕವೆಂದು ಕೇಳದೆ 69990 ಹಾಕಬಾರದು.

ಈ ಗುಂಪಿನಲ್ಲಿ ಇನ್ನೆರಡು ಕೋಡ್‌ಗಳಿವೆ: ಕೃತಕ ನಳಿಕೆಯನ್ನೋ ದಾನಿಯ ರಕ್ತನಾಳವನ್ನೋ ಬಳಸಿ ನರ ಸೇರಿಸಿದರೆ 64910, ರೋಗಿಯ ಸ್ವಂತ ರಕ್ತನಾಳವನ್ನೇ ತೆಗೆದು ಬಳಸಿದರೆ 64911. ವರದಿಯಲ್ಲಿ ಸರ್ಜನ್ ಎಲ್ಲವನ್ನೂ ‘ಗ್ರಾಫ್ಟ್’ ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಅಂಥ ಹೊತ್ತಿನಲ್ಲಿ ನಾನು ತಿರುವಿ ನೋಡುವುದು ನರ್ಸ್‌ಗಳು ತುಂಬುವ ಇಂಪ್ಲಾಂಟ್ ಲಾಗ್ ಎಂಬ ಪುಟವನ್ನು. ಪೊಟ್ಟಣದ ಮೇಲಿನ ಚೀಟಿಯನ್ನು ಕಿತ್ತು ಅಲ್ಲಿ ಅಂಟಿಸಿರುತ್ತಾರೆ. ವಸ್ತು ದಾನಿಯ ನರವೋ ಕೊಲಾಜೆನ್ ನಳಿಕೆಯೋ, ವ್ಯಾಸ ಎಷ್ಟು, ಉದ್ದ ಎಷ್ಟು ಎಂಬುದು ಆ ಬೆರಳಗಲದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಚೀಟಿಯೂ ವರದಿಯೂ ಬೇರೆ ಬೇರೆ ಹೇಳಿದರೆ ಕೋಡರ್ ತಾನೇ ತೀರ್ಪು ಕೊಡಬಾರದು, ಸರ್ಜನ್‌ರಿಂದ ವರದಿಗೆ ತಿದ್ದುಪಡಿ ಬರೆಸಿಕೊಳ್ಳಬೇಕು.

ಪ್ರಶ್ನೆ: ಗಾಯವಾದದ್ದು ಜನವರಿಯಲ್ಲಿ, ಕಸಿ ನಡೆದದ್ದು ಏಪ್ರಿಲ್‌ನಲ್ಲಿ. ರೋಗಿಯನ್ನು ಮೊದಲು ಬೇರೆ ವೈದ್ಯರು ನೋಡಿದ್ದರು. ರೋಗನಿರ್ಣಯದ ಕೋಡಿನ ಏಳನೆಯ ಅಕ್ಷರ ‘ಎ’ ಆಗಬೇಕೋ ‘ಡಿ’ ಆಗಬೇಕೋ ಎಂದು ನಮ್ಮ ತಂಡದಲ್ಲಿ ಜಗಳವೇ ನಡೆದಿದೆ.

ಉತ್ತರ: ‘ಎ’. ಆ ಅಕ್ಷರಕ್ಕೆ ‘ಮೊದಲ ಭೇಟಿ’ ಎಂಬ ಹೆಸರು ಅಂಟಿಕೊಂಡಿರುವುದೇ ಈ ಜಗಳಕ್ಕೆಲ್ಲ ಮೂಲ. ರೋಗನಿರ್ಣಯದ ಕೋಡ್‌ಪಟ್ಟಿಯಾದ ಐಸಿಡಿ-10-ಸಿಎಂನ ಮಾರ್ಗಸೂಚಿಯ ಪ್ರಕಾರ ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲವೂ ‘ಎ’ ಸಲ್ಲುತ್ತದೆ. ಎಷ್ಟನೆಯ ಭೇಟಿ, ಎಷ್ಟನೆಯ ವೈದ್ಯರು ಎಂಬುದು ಮುಖ್ಯವಲ್ಲ. ತುಂಡಾದ ನರಕ್ಕೆ ಕಸಿ ಮಾಡುವುದಕ್ಕಿಂತ ಸಕ್ರಿಯವಾದ ಚಿಕಿತ್ಸೆ ಇನ್ನಾವುದು? ಮೇಲೆ ಹೇಳಿದ ಬಲ ಮುಂದೋಳಿನ ಅಲ್ನಾರ್ ನರದ ಉದಾಹರಣೆಗೆ ಎಸ್54.01ಎಕ್ಸ್‌ಎ ಎಂದಾಗುತ್ತದೆ. ಶಸ್ತ್ರಕ್ರಿಯೆ ಮುಗಿದು ಗಾಯ ಮಾಯುವ ಹಂತದ ಭೇಟಿಗಳಿಗೆ ‘ಡಿ’.

ಕ್ರಮದ ಬಗ್ಗೆಯೂ ಒಂದು ಮಾತು. ಮುಖ್ಯ ಗಾಯ ನರದ್ದೇ ಆಗಿದ್ದರೆ ನರದ ಕೋಡ್ ಮೊದಲು ಬರಬೇಕು. ಬೇರೆ ದೊಡ್ಡ ಗಾಯದ ಜೊತೆಯಲ್ಲಿ ನರಕ್ಕೆ ಅಲ್ಪಸ್ವಲ್ಪ ಪೆಟ್ಟಾಗಿದ್ದರೆ ಆ ದೊಡ್ಡ ಗಾಯ ಮೊದಲು.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಗಾಜು ತಗುಲಿ ಮಣಿಕಟ್ಟಿನ ಬಳಿ ಮೀಡಿಯನ್ ನರ ತುಂಡಾಯಿತು. ನಳಿಕೆ ಇಟ್ಟು ಸೇರಿಸಿದರು, ಅದೇ ದಿನ ಮನೆಗೆ ಕಳುಹಿಸಿದರು. ಒಂದೇ ಶಸ್ತ್ರಕ್ರಿಯೆಗೆ ಮೂರು ಬಿಲ್ಲುಗಳು ಬಂದಿವೆ. ಅದರಲ್ಲೊಂದರಲ್ಲಿ ಸಿ9355 ಎಂಬ ಸಾಲಿನ ಮುಂದೆ 6 ಎಂದಿದೆ. ಡಾಕ್ಟರ್ ಇಟ್ಟದ್ದು ಒಂದೇ ನಳಿಕೆ. ಆರಕ್ಕೆ ಹಣ ಕೇಳುತ್ತಿದ್ದಾರೆಯೇ? ಮೂರು ತಿಂಗಳಾಗುತ್ತ ಬಂದರೂ ಬೆರಳಿನ ತುದಿಗೆ ಸ್ಪರ್ಶ ಬಂದಿಲ್ಲ. ಇನ್ನು ಮುಂದಿನ ಭೇಟಿಗಳಿಗೂ ಹಣ ಕಟ್ಟಬೇಕು ಎನ್ನುತ್ತಿದ್ದಾರೆ.

ಉತ್ತರ: ಮೊದಲು ಆ ಆರರ ವಿಷಯ, ಏಕೆಂದರೆ ಅದರಲ್ಲಿ ಮೋಸ ಇರಲಿಕ್ಕಿಲ್ಲ. ಸಿ9355 ಎಂಬುದು ಕೊಲಾಜೆನ್‌ನಿಂದ ಮಾಡಿದ ಒಂದು ಬಗೆಯ ನರದ ಕವಚದ ಕೋಡ್. ಅದನ್ನು ಎಣಿಸುವುದು ತುಂಡುಗಳಲ್ಲಿ ಅಲ್ಲ, ಅರ್ಧ ಸೆಂಟಿಮೀಟರುಗಳಲ್ಲಿ. ಆರು ಯೂನಿಟ್ ಎಂದರೆ 3 ಸೆಂ.ಮೀ. ಉದ್ದದ ಒಂದೇ ನಳಿಕೆ ಎಂದರ್ಥ. ಇದರ ನೆರೆಯಲ್ಲೇ ಇರುವ ಸಿ9352 ಎಂಬ ಇನ್ನೊಂದು ಕೊಲಾಜೆನ್ ನಳಿಕೆಯ ಕೋಡನ್ನು ಪೂರ್ತಿ ಸೆಂಟಿಮೀಟರುಗಳಲ್ಲಿ ಎಣಿಸುತ್ತಾರೆ. ಹಾಗಾಗಿ ಆರು ಎಂಬ ಅದೇ ಅಂಕಿ ಒಂದು ಕೋಡಿನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ದುಪ್ಪಟ್ಟಾಗಬಹುದು. ಶಸ್ತ್ರಕ್ರಿಯಾ ವರದಿಯನ್ನೂ ಇಂಪ್ಲಾಂಟ್ ಲಾಗನ್ನೂ ತಮ್ಮನಿಂದ ತರಿಸಿ, ಚೀಟಿಯಲ್ಲಿರುವ ಉದ್ದವನ್ನು ಬಿಲ್ಲಿನ ಯೂನಿಟ್‌ಗಳೊಡನೆ ತಾಳೆ ನೋಡಿ. ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವುದು 1996ರ ಹಿಪಾ ಕಾಯ್ದೆಯಡಿಯ ನಿಯಮಗಳು ಅಲ್ಲಿ ರೋಗಿಗೆ ಕೊಟ್ಟಿರುವ ಹಕ್ಕು. ಕೇಳಿದ ಮೇಲೆ ಸಾಮಾನ್ಯವಾಗಿ 30 ದಿನಗಳೊಳಗೆ ಕೊಡಬೇಕು.

ಮೂರು ಬಿಲ್ಲುಗಳು ಬರುವುದು ಅಲ್ಲಿನ ಪದ್ಧತಿ. ಆಪರೇಷನ್ ಥಿಯೇಟರು, ನರ್ಸ್‌ಗಳು, ನಳಿಕೆಯಂಥ ಸಾಮಗ್ರಿ ಇವೆಲ್ಲ ಆಸ್ಪತ್ರೆಯ ಬಿಲ್ಲಿನಲ್ಲಿ, ಸರ್ಜನ್ ಕೈಕೆಲಸ ಅವರ ಬಿಲ್ಲಿನಲ್ಲಿ, ಅರಿವಳಿಕೆ ಕೊಟ್ಟವರದು ಇನ್ನೊಂದರಲ್ಲಿ. ನಿಮ್ಮ ತಮ್ಮನ ಸರ್ಜನ್ ಬಿಲ್ಲಿನಲ್ಲಿ 64910 ಕಾಣಿಸಬೇಕು; ಅದರ ಬದಲು 64890ರ ಸಾಲಿನ ಯಾವುದಾದರೂ ಕೋಡ್ ಇದ್ದರೆ ವಿವರಣೆ ಕೇಳಿ, ಏಕೆಂದರೆ ಅವನ ದೇಹದಿಂದ ಬೇರೆ ನರ ತೆಗೆದಿಲ್ಲ. ಆಸ್ಪತ್ರೆ ವಿಮೆಯ ಜಾಲದೊಳಗಿದ್ದು ಅರಿವಳಿಕೆ ವೈದ್ಯರು ಮಾತ್ರ ಜಾಲದ ಹೊರಗಿನವರಾಗಿದ್ದರೆ, 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆಯಂತೆ ಅವರು ಬಾಕಿ ಮೊತ್ತವನ್ನು ರೋಗಿಯ ತಲೆಗೆ ಕಟ್ಟುವಂತಿಲ್ಲ. ವಿಮಾ ಕಂಪನಿಯಿಂದ ಇಒಬಿ ಎಂಬ ಕಾಗದ ಬರುವವರೆಗೆ ಯಾವ ಬಿಲ್ಲಿಗೂ ಹಣ ಕಟ್ಟಬೇಡಿ ಎಂಬುದು ನನ್ನ ಸಲಹೆ. ಆ ಕಾಗದದಲ್ಲಿ ರೋಗಿಯ ಪಾಲು ಎಷ್ಟೆಂದು ಇದೆಯೋ ಅದಕ್ಕೂ ಬಿಲ್ಲಿಗೂ ಹೊಂದಿಕೆ ಇರಬೇಕು.

ಇನ್ನು ಮೂರು ತಿಂಗಳ ಮಾತು. ನರ ದುರಸ್ತಿಯಂಥ ದೊಡ್ಡ ಶಸ್ತ್ರಕ್ರಿಯೆಗಳಿಗೆ ಮೆಡಿಕೇರ್ 90 ದಿನಗಳ ಗ್ಲೋಬಲ್ ಅವಧಿ ಇಟ್ಟಿದೆ, ಖಾಸಗಿ ವಿಮಾ ಕಂಪನಿಗಳಲ್ಲಿ ಹೆಚ್ಚಿನವು ಅದನ್ನೇ ಅನುಸರಿಸುತ್ತವೆ. ಆ ಅವಧಿಯಲ್ಲಿ ಅದೇ ಸರ್ಜನ್ ಚೇತರಿಕೆ ನೋಡಲು ಕರೆದರೆ ಪ್ರತ್ಯೇಕ ಶುಲ್ಕವಿಲ್ಲ. ಕೈಗೆ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಮಾತ್ರ ಮೊದಲಿನಿಂದಲೂ ಹೊರಗೆ. ಆದರೆ ನರ ಈ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲ. ದುರಸ್ತಿಯಾದ ನರದ ನಾರುಗಳು ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಮುಂದೆ ಸಾಗುತ್ತವೆ. ಮಣಿಕಟ್ಟಿನಿಂದ ಬೆರಳ ತುದಿಗೆ 17-18 ಸೆಂ.ಮೀ. ಎಂದಿಟ್ಟುಕೊಂಡರೂ ಆರು ತಿಂಗಳು ಬೇಕು. ತೊಂಬತ್ತನೆಯ ದಿನಕ್ಕೆ ಅದು ಅರ್ಧ ದಾರಿಯಲ್ಲಿರುತ್ತದೆ. ಆದ್ದರಿಂದ ಸ್ಪರ್ಶ ಇನ್ನೂ ಬರದಿರುವುದು ಅಷ್ಟರಿಂದಲೇ ವೈಫಲ್ಯದ ಗುರುತಲ್ಲ, ತೊಂಬತ್ತು ದಿನ ಕಳೆದ ಮೇಲಿನ ಭೇಟಿಗೆ ಶುಲ್ಕ ಕೇಳುವುದು ಅಕ್ರಮವೂ ಅಲ್ಲ. ಈಗಿನ ದಿನಾಂಕ ಅವಧಿಯೊಳಗಿದ್ದರೆ, ಅದು ಮುಗಿಯುವ ಮುನ್ನವೇ ಒಂದು ಭೇಟಿಯನ್ನು ಹಾಕಿಸಿಕೊಳ್ಳಲು ತಮ್ಮನಿಗೆ ಹೇಳಿ.

ನಳಿಕೆ ‘ಅಗತ್ಯವಿರಲಿಲ್ಲ’ ಎಂದು ವಿಮಾ ಕಂಪನಿ ನಿರಾಕರಿಸಿದರೆ ಸುಮ್ಮನಾಗಬೇಡಿ. ನಿರಾಕರಣೆಯ ಪತ್ರ ಬಂದ 180 ದಿನಗಳೊಳಗೆ ಕಂಪನಿಗೇ ಮೇಲ್ಮನವಿ ಹಾಕಬಹುದು, ಅಲ್ಲಿಯೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆಯನ್ನು ಕೇಳಬಹುದು. ಮನವಿಯ ಜೊತೆ ಶಸ್ತ್ರಕ್ರಿಯಾ ವರದಿಯಲ್ಲಿ ಎಳೆತವಿಲ್ಲದೆ ನೇರವಾಗಿ ಹೊಲಿಯಲು ಆಗಲಿಲ್ಲ ಎಂದು ಸರ್ಜನ್ ಬರೆದಿರುವ ಸಾಲಿಗೆ ಗುರುತು ಹಾಕಿ ಕಳುಹಿಸಿ. ಅಂಥ ಸಾಲು ಇಲ್ಲದಿದ್ದರೆ ಸರ್ಜನ್‌ರಿಂದ ಪತ್ರ ಬರೆಸಿ.

ಪ್ರಶ್ನೆ: ಒಳರೋಗಿಯ ಪ್ರಕರಣದಲ್ಲಿ ಸೂರಲ್ ನರ ತೆಗೆದದ್ದಕ್ಕೆ ಬೇರೆ ಕೋಡ್ ಹಾಕಬೇಕೆಂದು ನಮ್ಮ ಟೀಮ್ ಲೀಡ್ ಹೇಳುತ್ತಾರೆ. ಹಾಕಬಾರದೆಂದು ನಾನು ಓದಿದ್ದೇನೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ. ನೀವು ಓದಿದ್ದು ಸಿಪಿಟಿಯ ನಿಯಮ, ಅವರು ಹೇಳುತ್ತಿರುವುದು ಐಸಿಡಿ-10-ಪಿಸಿಎಸ್ ನಿಯಮ. ಒಳರೋಗಿಗೆ ಆಸ್ಪತ್ರೆ ಕಳುಹಿಸುವ ಬಿಲ್ಲಿನಲ್ಲಿ ಶಸ್ತ್ರಕ್ರಿಯೆಗೆ ಪಿಸಿಎಸ್ ಕೋಡ್ ಹಾಕುತ್ತಾರೆ. 2015ರ ಅಕ್ಟೋಬರ್ 1ರಿಂದ ಹೀಗೆಯೇ ನಡೆದಿದೆ. ಅದರ ಬಿ3.9 ಮಾರ್ಗಸೂಚಿಯ ಪ್ರಕಾರ ಕಸಿಯ ಅಂಗಾಂಶವನ್ನು ದೇಹದ ಬೇರೆ ಜಾಗದಿಂದ ತೆಗೆದಿದ್ದರೆ ಅದು ಪ್ರತ್ಯೇಕ ಕ್ರಿಯೆ, ಬೇರೆಯಾಗಿಯೇ ಕೋಡ್ ಆಗಬೇಕು. ಪಿಸಿಎಸ್ ಕೋಡಿನ ಏಳನೆಯ ಅಕ್ಷರವೇ ಆ ಜಾಗವನ್ನು ಪೂರ್ತಿಯಾಗಿ ಹೇಳುತ್ತಿದ್ದರೆ ಮಾತ್ರ ವಿನಾಯಿತಿ. ಅದೇ ಒಳರೋಗಿಗೆ ಅದೇ ದಿನ ಸರ್ಜನ್ ಕಳುಹಿಸುವ ಬಿಲ್ಲಿನಲ್ಲಿ ಸಿಪಿಟಿ ಇರುತ್ತದೆ, ಅಲ್ಲಿ ನೀವು ಓದಿದ ನಿಯಮ ಜೀವಂತವಾಗಿದೆ. ಎರಡೂ ಬಿಲ್ಲುಗಳ ಕೆಲಸ ಒಂದೇ ಮೇಜಿಗೆ ಬರುವ ಕಡೆಗಳಲ್ಲಿ ಈ ಗೊಂದಲ ಹೆಚ್ಚು. ಕೋಡ್ ಹಾಕುವ ಮೊದಲು ಇದು ಯಾರ ಬಿಲ್ಲು ಎಂದು ನೋಡಿಕೊಳ್ಳಿ.

ಪ್ರಶ್ನೆ: ಕಿವಿಯ ಬಳಿಯ ಪ್ಯಾರೋಟಿಡ್ ಎಂಬ ಜೊಲ್ಲು ಗ್ರಂಥಿಯ ಕ್ಯಾನ್ಸರಿಗಾಗಿ ಗ್ರಂಥಿಯನ್ನು ಮುಖದ ನರದ ಸಮೇತ ತೆಗೆದು, ಕುತ್ತಿಗೆಯ ನರದಿಂದ 5 ಸೆಂ.ಮೀ. ಕಸಿ ಮಾಡಿದ್ದಾರೆ. ನರಕ್ಕೆ ಗಾಯದ ಕೋಡ್ ಎಸ್04.5 ಹಾಕಲೇ?

ಉತ್ತರ: ಬೇಡ. ಸರ್ಜನ್ ಉದ್ದೇಶಪೂರ್ವಕವಾಗಿ ತ್ಯಾಗ ಮಾಡಿದ ನರ ಅಪಘಾತದ ಗಾಯವಲ್ಲ. ರೋಗನಿರ್ಣಯ ಕ್ಯಾನ್ಸರಿನದೇ, ಅಂದರೆ ಸಿ07. ಗ್ರಂಥಿಯನ್ನು ಮುಖದ ನರದೊಂದಿಗೆ ಪೂರ್ತಿಯಾಗಿ ತೆಗೆದದ್ದಕ್ಕೆ 42425, ಕಸಿಗೆ 64886.

ಪ್ರಶ್ನೆ: ಒಂದೇ ದಿನ ಕೈಯ ಎರಡು ನರಗಳಿಗೆ ಸ್ವಂತ ನರದ ಒಂದೊಂದು ಎಳೆಯ ಕಸಿ. 64890 ಅನ್ನು ಎರಡು ಸಲ ಹಾಕಿ ಎರಡನೆಯದಕ್ಕೆ ಮಾಡಿಫೈಯರ್ 51 (ಒಂದೇ ಬಾರಿಗೆ ಹಲವು ಶಸ್ತ್ರಕ್ರಿಯೆ ನಡೆದಿದೆ ಎಂಬ ಗುರುತು) ಕೊಟ್ಟೆವು. ಎರಡನೆಯದಕ್ಕೆ ಅರ್ಧ ಹಣವೂ ಬರಲಿಲ್ಲ.

ಉತ್ತರ: ಎರಡನೆಯ ನರಕ್ಕೆ ಹಾಕಬೇಕಾದದ್ದು 64901, ಅಂದರೆ ಒಂದೇ ಎಳೆಯ ಕಸಿ ಪಡೆದ ಪ್ರತಿ ಹೆಚ್ಚುವರಿ ನರದ ಕೋಡ್; ಕೇಬಲ್ ಆಗಿದ್ದರೆ 64902. ಇವು ಆಡ್-ಆನ್ ಕೋಡ್‌ಗಳು. ಹೆಚ್ಚುವರಿ ಕೆಲಸದ ಬೆಲೆಯನ್ನಷ್ಟೇ ಲೆಕ್ಕ ಹಾಕಿ ಇವುಗಳ ದರ ಕಟ್ಟಿರುವುದರಿಂದ ಮಾಡಿಫೈಯರ್ 51 ಇವಕ್ಕೆ ಅಂಟುವುದಿಲ್ಲ, ಎರಡನೆಯ ಶಸ್ತ್ರಕ್ರಿಯೆಗೆ ಅರ್ಧ ಎಂಬ ಮೆಡಿಕೇರ್ ಕಡಿತವೂ ತಟ್ಟುವುದಿಲ್ಲ. ತಿದ್ದಿದ ಕ್ಲೇಮ್ ಎಂದು ಗುರುತಿಸಿ ಮತ್ತೆ ಕಳುಹಿಸಿ. ಹೊಸ ಕ್ಲೇಮ್ ಎಂಬಂತೆ ಕಳುಹಿಸಿದರೆ ನಕಲು ಎಂದು ವಾಪಸಾಗುತ್ತದೆ.